‘ಸಾಂಪ್ರದಾಯಿಕ ಉಡುಪು’ ಎಂಬ ಮಾತು

ಕಾಲೇಜಿನ ನಿಯಮಗಳು ಸ್ತ್ರೀಯರಿಗೆ ‘ಸಾಂಪ್ರದಾಯಿಕ ಉಡುಪ’ನ್ನು ವಿಧಿಸಿದಾಗ, ಅದು ಯಾವ ಕಾಲದ ಸಂಪ್ರದಾಯವೆಂದು ಇತಿಹಾಸದ ಅಧ್ಯಾಪಕರಾದ ನಾವು ಕೇಳಬೇಕಾಗುತ್ತದೆ. ನಿಯಮಕಾರರ ಮನಸ್ಸಿನಲ್ಲಿರುವುದು ಮುಂದೆ ನೆರಿಗೆ, ಎಡಹೆಗಲ ಮೇಲೆ ಸೆರಗು, ಒಳಗೆ ಲಂಗ ಕುಪ್ಪಸಗಳುಳ್ಳ ಸೀರೆ. ಬಂಗಾಳದಲ್ಲಿ ಇಂತಹ ಉಡಿಗೆಯನ್ನು ರೂಢಿಗೆ ತಂದವರು ಜ್ಞಾನದಾನಂದಿನೀ ದೇವಿಯವರು; 1860ರ ದಶಕದಲ್ಲಿ, ಮುಂಬಯಿಯ ಪಾರಸಿ ಸ್ತ್ರೀಯರನ್ನು ಕಂಡು. ಮನೆಯ ಹೊಸ್ತಿಲು ದಾಟಿದ ಹೆಣ್ಣಿಗೆ ಅದು ಅಂದಿನ ಹೊಸತು. ನಮ್ಮ ಕಚ್ಚೆ ಸೀರೆಗೂ, ನೆರಿಗೆ ಬೆನ್ನಿಗಿರುವ ಕೊಡಗಿನ ಸೀರೆಗೂ ಈ ನಿಯಮದಲ್ಲಿ ಎಡೆಯುಂಟೆ? ಸಂಪ್ರದಾಯದ ಹೆಸರು ಎಂದೂ ನಿರಪಾಯವಾದುದಲ್ಲ. ತಿರುವಾಂಕೂರಿನ ನಾಡಾರ್ ಸ್ತ್ರೀಯರು ಮೈಮುಚ್ಚುವ ಹಕ್ಕನ್ನು 1859ರಲ್ಲಿ ಹೋರಾಡಿಯೇ ಪಡೆದರು. ಅದೂ ಮೇಲ್ಜಾತಿಯವರಂತೆ ಉಡಬಾರದೆಂಬ ಷರತ್ತಿನೊಡನೆ. ಅಧ್ಯಾಪಿಕೆಯರಿಗೆ ಸೀರೆ ಕಡ್ಡಾಯವಲ್ಲವೆಂದು ಕೇರಳ ಸರ್ಕಾರವು 2021ರಲ್ಲಿಯೂ ಮತ್ತೊಮ್ಮೆ ಆದೇಶಿಸಬೇಕಾಯಿತು.