ಸೆರೆಹಿಡಿಯುವ ನೋಟ, ದೂರದ ನೋಟ: ಬೇಟೆಹಕ್ಕಿಗಳ ಛಾಯಾಚಿತ್ರಗಳನ್ನು ಕುರಿತು

ಛಾಯಾಚಿತ್ರವನ್ನು ಕುರಿತು ಮಾತನಾಡುವಾಗ ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಬಳಸುವ ಕ್ರಿಯಾಪದ 'ಸೆರೆಹಿಡಿ' ಎಂಬುದು. ಹಕ್ಕಿಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದಾರೆ ಎಂಬ ಮಾತು ಪತ್ರಿಕೆಗಳ ಚಿತ್ರಶೀರ್ಷಿಕೆಗಳಲ್ಲಿ ಎಷ್ಟು ಸಹಜವಾಗಿ ಬರುತ್ತದೆಯೆಂದರೆ, ಅದರೊಳಗಿನ ರೂಪಕ ಸವೆದುಹೋಗಿದೆ. ಆದರೆ ಬೇಟೆಹಕ್ಕಿಗಳ ವಿಷಯದಲ್ಲಿ ಈ ರೂಪಕಕ್ಕೆ ಒಂದು ಚರಿತ್ರೆಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದವೂ ಸೇರಿದೆ. ಎತ್ತರದಲ್ಲಿ ಹಾರುವ ಗಿಡುಗವನ್ನು ಹಿಡಿದು, ಪಳಗಿಸಿ, ಕೈಯ ಮೇಲೆ ಕೂರಿಸಿಕೊಳ್ಳುವುದು ಒಡೆತನದ ಒಂದು ಗುರುತಾಗಿತ್ತು. ಇಂದು ಕೈಯ ಸ್ಥಾನಕ್ಕೆ ಚೌಕಟ್ಟು ಬಂದಿದೆ. ಹಕ್ಕಿ ಚೌಕಟ್ಟನ್ನು ತುಂಬಿರಬೇಕು. ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಹೊಳೆಯಬೇಕು. ಗರಿಯ ಎಳೆಗಳನ್ನು ಎಣಿಸುವಂತಿರಬೇಕು. ಪ್ರದರ್ಶನಗಳಲ್ಲಿಯೂ ಸ್ಪರ್ಧೆಗಳಲ್ಲಿಯೂ ಬಹುಮಟ್ಟಿಗೆ ಪಾಲನೆಯಾಗುವ ಅಲಿಖಿತ ಲಕ್ಷಣಗ್ರಂಥವಿದು. ಈ ಲಕ್ಷಣವನ್ನು ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಸಾಮೀಪ್ಯದ ಈ ಆದರ್ಶ ಹುಟ್ಟಿದ್ದು ಉಪಕರಣದ ಮಿತಿಯಿಂದ ಎಂಬುದನ್ನು ಮೊದಲು ಗಮನಿಸಬೇಕು. ಇಂಗ್ಲೆಂಡಿನ ಕೀರ್ಟನ್ ಸಹೋದರರು 1890ರ ದಶಕದಲ್ಲಿ ಪಕ್ಷಿಚಿತ್ರಣವನ್ನು ಆರಂಭಿಸಿದಾಗ ಅವರ ಮುಖ್ಯ ವಸ್ತು ಗೂಡೇ ಆಗಿತ್ತು; 1895ರ ಅವರ ಪುಸ್ತಕವೂ ಗೂಡುಗಳನ್ನೇ ಕುರಿತದ್ದು. ಆ ಕಾಲದ ಮಸೂರ ದೂರವನ್ನು ಹತ್ತಿರ ತರಲಾರದು, ಫಲಕ ಚಲನೆಯನ್ನು ತಡೆಯಲಾರದು. ಹಾಗಾಗಿ ಹಕ್ಕಿ ಖಚಿತವಾಗಿ ಮರಳಿ ಬರುವ ಸ್ಥಳವೊಂದು ಬೇಕಿತ್ತು; ಆ ಸ್ಥಳ ಗೂಡು. ಮರೆಯ ಗುಡಾರದೊಳಗೆ ಕುಳಿತು ಕಾಯುವ ವಿಧಾನ ಹೀಗೆ ರೂಢಿಗೆ ಬಂದಿತು. ಅದರ ಬೆಲೆ ಕೆಲವೊಮ್ಮೆ ಛಾಯಾಗ್ರಾಹಕನಿಗೂ ತಟ್ಟಿದ್ದುಂಟು. 1937ರಲ್ಲಿ ಎರಿಕ್ ಹಾಸ್ಕಿಂಗ್ ಗೂಡಿನ ಬಳಿಯ ತನ್ನ ಮರೆಗೆ ರಾತ್ರಿ ಮರಳುತ್ತಿದ್ದಾಗ ಗೂಬೆಯೊಂದು ಎರಗಿದ ಪರಿಣಾಮವಾಗಿ ಎಡಗಣ್ಣನ್ನು ಕಳೆದುಕೊಂಡನು. ಈ ಘಟನೆಯನ್ನು ಸಾಹಸಗಾಥೆಯಾಗಿ ಓದುವುದು ವಾಡಿಕೆ. ಗೂಬೆಯ ಕಡೆಯಿಂದ ನೋಡಿದರೆ ಅದು ಗೂಡಿನ ರಕ್ಷಣೆ ಮಾತ್ರ.

ಅನಂತರ ಮಸೂರ ಬೆಳೆಯಿತು. ನಾನೂರು, ಐನೂರು, ಆರುನೂರು ಮಿಲಿಮೀಟರ್ ಸಂಗಮದೂರದ ಮಸೂರಗಳು ಇಂದು ಹವ್ಯಾಸಿಗಳ ಕೈಯಲ್ಲಿಯೂ ಇವೆ. ಉಪಕರಣ ಬದಲಾದ ಮೇಲೆ ಗೂಡಿನ ಅವಲಂಬನೆ ತಪ್ಪಬೇಕಾಗಿತ್ತು. ಆದರೆ ಆದರ್ಶ ಬದಲಾಗಲಿಲ್ಲ. ದೊರೆತ ದೂರವನ್ನು ಮತ್ತಷ್ಟು ಹತ್ತಿರಕ್ಕಾಗಿಯೇ ವ್ಯಯಮಾಡಲಾಯಿತು. ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ರೆಕ್ಕೆ ಬಿಚ್ಚಿದಾಗ ಸುಮಾರು 2.2 ಮೀಟರ್ ಅಗಲವಿರುವ ರಣಹದ್ದನ್ನು 500 ಮಿಲಿಮೀಟರ್ ಮಸೂರದಿಂದ 200 ಮೀಟರ್ ದೂರದಲ್ಲಿ ನಿಂತು ತೆಗೆದರೆ, ಬಿಂಬದ ಅಗಲ 5.5 ಮಿಲಿಮೀಟರ್. ಮೂವತ್ತಾರು ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ ಅದು ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ಹಕ್ಕಿ ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚನ್ನು ತುಂಬಬೇಕಾದರೆ ಐವತ್ತು ಮೀಟರಿನಷ್ಟು ಸಮೀಪಕ್ಕೆ ಹೋಗಬೇಕು. ಮಸೂರ ಎಷ್ಟೇ ಉದ್ದವಾದರೂ, ಚೌಕಟ್ಟು ತುಂಬಬೇಕೆಂಬ ಆಸೆ ಇರುವವರೆಗೆ ಹೆಜ್ಜೆ ಮುಂದಕ್ಕೇ ಸಾಗುತ್ತದೆ.

ಈ ಹೆಜ್ಜೆಯ ಅರ್ಥವೇನು ಎಂಬುದಕ್ಕೆ ರಾಮನಗರದ ಬಂಡೆಗಳನ್ನು ನೋಡಬಹುದು. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ಧಾಮವೆಂದು ಘೋಷಿಸಲಾಯಿತು. ರಣಹದ್ದು ಬೇಟೆಯಾಡುವ ಹಕ್ಕಿಯಲ್ಲ, ಶವಾಹಾರಿ. ಆದರೂ ಶಾಸ್ತ್ರದಲ್ಲಿಯೂ ಛಾಯಾಗ್ರಾಹಕರ ರೂಢಿಯಲ್ಲಿಯೂ ಅದು ಹದ್ದು ಗಿಡುಗಗಳ ಗುಂಪಿಗೇ ಸೇರುತ್ತದೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದಾಗಿ 1990ರ ದಶಕದಿಂದ ಈ ಹಕ್ಕಿಗಳ ಸಂತತಿ ದೇಶದಾದ್ಯಂತ ಕುಸಿಯಿತು. ಔಷಧಿಯ ಪಶುವೈದ್ಯಕೀಯ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಮುಂಬಯಿಯ ಮಲಬಾರ್ ಬೆಟ್ಟದ ಪಾರ್ಸಿ ದಖ್ಮಾಗಳ ಮೇಲಿನ ಆಕಾಶ ಬರಿದಾದುದನ್ನು ಅಲ್ಲಿಯ ಕನ್ನಡಿಗರು ಬಲ್ಲರು. ಇಂತಹ ಹಕ್ಕಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಮನುಷ್ಯನ ಸಾಮೀಪ್ಯಕ್ಕೆ ಬೆದರಿ ಪೋಷಕ ಹಕ್ಕಿ ಗೂಡನ್ನು ತೊರೆದರೆ, ಬಿಸಿಲಿಗೂ ಶತ್ರುಗಳಿಗೂ ಒಡ್ಡಿಕೊಳ್ಳುವುದು ಆ ವರ್ಷದ ಏಕೈಕ ಸಂತಾನ. ಆದ್ದರಿಂದ ಇಲ್ಲಿ ಚಿತ್ರದ ಸೌಂದರ್ಯವನ್ನು ಅದನ್ನು ತೆಗೆದ ಬಗೆಯಿಂದ ಬೇರ್ಪಡಿಸಿ ವಿಮರ್ಶಿಸುವುದು ಸಾಧ್ಯವಿಲ್ಲ.

ದೂರದ ಚಿತ್ರವನ್ನು ಕೇವಲ ನೈತಿಕ ಸಂಯಮವೆಂದು ಹೊಗಳುವುದು ನಮ್ಮ ವಾದವಲ್ಲ. ಹತ್ತಿರದ ಚಿತ್ರ ಹೇಳಲಾರದ ಸತ್ಯಗಳನ್ನು ಅದು ಹೇಳಬಲ್ಲದು ಎಂಬುದು ಮುಖ್ಯ. ರಣಹದ್ದಿನಂತಹ ಭಾರವಾದ ಹಕ್ಕಿ ರೆಕ್ಕೆ ಬಡಿಯುವ ಶ್ರಮವನ್ನು ಉಳಿಸಲು, ಬಿಸಿಲಿಗೆ ಕಾದು ಮೇಲೇರುವ ಗಾಳಿಯನ್ನು ಆಶ್ರಯಿಸುತ್ತದೆ. ಬಂಡೆ ಕಾಯುವವರೆಗೆ ಅದು ಕಾಯುತ್ತದೆ. ಅದೇ ಕಾದ ಗಾಳಿ ಬೆಳಕನ್ನು ವಕ್ರೀಭವಿಸಿ ದೂರದ ಬಿಂಬವನ್ನು ಅಲುಗಾಡಿಸುತ್ತದೆ. ಎಂದರೆ, ಹಕ್ಕಿಯನ್ನು ಎತ್ತುವ ಶಕ್ತಿಯೇ ಚಿತ್ರವನ್ನು ಮಸುಕುಗೊಳಿಸುತ್ತದೆ. ತೀರ್ಪುಗಾರರು ದೋಷವೆಂದು ತಳ್ಳಿಹಾಕುವ ಆ ಮಸುಕು ಒಂದು ಅರ್ಥದಲ್ಲಿ ಹಾರಾಟದ ಕಾರಣದ ದಾಖಲೆಯೇ ಆಗಿದೆ. ಹಿನ್ನೆಲೆಯನ್ನು ಬಣ್ಣದ ಪರದೆಯಾಗಿ ಕರಗಿಸಿದ ಸಮೀಪದ ಚಿತ್ರದಲ್ಲಿ ಬಂಡೆಯೂ ಇಲ್ಲ, ಗಾಳಿಯೂ ಇಲ್ಲ. ಇರುವುದು ವಿಳಾಸವಿಲ್ಲದ ಹಕ್ಕಿ.

ಸಂಖ್ಯೆಯೂ ದೂರದಿಂದಲೇ ಕಾಣುತ್ತದೆ. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ವಲಸೆಯ ಅಮೂರ್ ಚಾಣಗಳನ್ನು ಬಲೆಯೊಡ್ಡಿ ಕೊಲ್ಲುತ್ತಿದ್ದುದು 2012ರಲ್ಲಿ ಚಿತ್ರಗಳ ಮೂಲಕ ಹೊರಜಗತ್ತಿಗೆ ತಿಳಿಯಿತು. ಮರುವರ್ಷವೇ ಅಲ್ಲಿಯ ಗ್ರಾಮಸ್ಥರು ಬೇಟೆಯನ್ನು ನಿಲ್ಲಿಸಿದರು. ಇಂತಹ ಸಂದರ್ಭದಲ್ಲಿ ಒಂದು ಚಾಣದ ಕಣ್ಣಿನ ಹೊಳಪು ಅಷ್ಟಾಗಿ ಏನನ್ನೂ ಹೇಳಲಾರದು. ಆಕಾಶವನ್ನು ಮುಸುಕಿದ ಸಮೂಹ ಕಂಡರೆ ಮಾತ್ರ ನಷ್ಟದ ಪ್ರಮಾಣ ಅರಿವಾಗುತ್ತದೆ.

ಹತ್ತಿರದ ಚಿತ್ರದ ಪರವಾದ ವಾದವನ್ನೂ ನ್ಯಾಯವಾಗಿ ಮಂಡಿಸಬೇಕು. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡನಾಡಿನ ಹಕ್ಕಿಗಳು' ಮಾದರಿಯ ಪುಸ್ತಕಗಳು ಓದುಗನಿಗೆ ಹಕ್ಕಿಯನ್ನು ಗುರುತಿಸಲು ಕಲಿಸುತ್ತವೆ; ಅಲ್ಲಿ ಕೊಕ್ಕು, ಕಾಲು, ಗರಿಯ ಬಣ್ಣಗಳ ಸ್ಪಷ್ಟತೆ ಅನಿವಾರ್ಯ. ಹೆಸರು ತಿಳಿಯದ ಹಕ್ಕಿಗಾಗಿ ಯಾರೂ ಮರುಗುವುದಿಲ್ಲ. ಆದರೆ ಗುರುತಿಸುವಿಕೆಗೆ ಬೇಕಾದ ಗುಣವನ್ನೇ ಕಲೆಯ ಏಕೈಕ ಮಾನದಂಡವಾಗಿಸಿದಾಗ ತೊಡಕುಂಟಾಗುತ್ತದೆ. ಕಪ್ಪುಬಿಳುಪಿನ ಮಾಧ್ಯಮಕ್ಕೆ ಹೆಸರಾದ ಸಂಡೂರಿನ ಎಂ. ವೈ. ಘೋರ್ಪಡೆಯವರು 1983ರ ತಮ್ಮ ಪುಸ್ತಕಕ್ಕೆ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಪ್ರಾಣಿಯಿಲ್ಲ, ಬೆಳಕು ನೆರಳುಗಳಿವೆ. ಪ್ರಾಣಿಯನ್ನು ಅದರ ಬೆಳಕಿನಲ್ಲಿ, ಅದರ ನೆಲೆಯಲ್ಲಿ ಇಟ್ಟು ನೋಡುವ ಸಾಧ್ಯತೆಯನ್ನು ಅದು ಸೂಚಿಸುತ್ತದೆ. ಈ ಸಾಧ್ಯತೆಯನ್ನು ನಮ್ಮ ಚಿತ್ರವಿಮರ್ಶೆ ಇನ್ನೂ ಬೆಳೆಸಬೇಕಾಗಿದೆ.

ಹಾಗೆಂದು ದೂರವಿದ್ದ ಮಾತ್ರಕ್ಕೆ ಚಿತ್ರ ನಿರಪರಾಧಿಯಾಗುವುದಿಲ್ಲ. ಬಹುದೂರದಿಂದ ತೆಗೆದ ಗೂಡಿನ ಚಿತ್ರವೂ ಸ್ಥಳದ ವಿವರದೊಂದಿಗೆ ಪ್ರಕಟವಾದರೆ ನೂರು ಜನರನ್ನು ಅಲ್ಲಿಗೆ ಕರೆತರಬಲ್ಲದು. ಛಾಯಾಗ್ರಾಹಕ ನೆಲದ ಮೇಲೆ ದೂರ ನಿಂತು ಡ್ರೋನನ್ನು ಬಂಡೆಯ ಬಳಿಗೆ ಹಾರಿಸಿದರೆ ಆ ದೂರ ನೆಪಮಾತ್ರದ್ದು. ದೂರವೆಂಬುದು ಅಳತೆಯಷ್ಟೇ ಅಲ್ಲ. ಹಕ್ಕಿ ತನ್ನ ಕೆಲಸವನ್ನು ಬಿಡದೆ ಮುಂದುವರಿಸುವಂತಹ ಸಂಬಂಧ. ಕ್ಯಾಮೆರಾದತ್ತ ನೆಟ್ಟ ಕಣ್ಣುಗಳನ್ನು 'ಜೀವಂತ' ಎಂದು ಮೆಚ್ಚುವ ಮೊದಲು, ಅದು ಕುತೂಹಲವೋ ಭೀತಿಯೋ ಎಂದು ಕೇಳಿಕೊಳ್ಳುವುದು ವಿಮರ್ಶಕನ ಕರ್ತವ್ಯ.

ಹೊರನಾಡಿನ ಸಂಶೋಧಕರಿಗೆ ಈ ಪ್ರಶ್ನೆ ವಿಶೇಷವಾಗಿ ಸಂಬಂಧಿಸಿದೆ. ದೆಹಲಿಯಲ್ಲೋ ಪುಣೆಯಲ್ಲೋ ಕುಳಿತು ಕರ್ನಾಟಕದ ಬೆಟ್ಟಗಳನ್ನು ಅಭ್ಯಾಸಮಾಡುವವರಿಗೆ ಎಷ್ಟೋ ವೇಳೆ ಆಕರವೆಂದರೆ ಪ್ರಕಟಿತ ಚಿತ್ರಗಳೇ. ಇಂದಿನ ಚಿತ್ರ ನಾಳೆಯ ದಾಖಲೆ. ಆದ್ದರಿಂದ ಸಂಗ್ರಹಗಳಲ್ಲಿಯೂ ನಿಯತಕಾಲಿಕಗಳಲ್ಲಿಯೂ ಬೇಟೆಹಕ್ಕಿಯ ಚಿತ್ರದ ಕೆಳಗೆ ಹೆಸರು, ಊರುಗಳ ಜೊತೆಗೆ ತೆಗೆದ ದೂರ, ಮಸೂರ, ವರ್ಷ, ಆಮಿಷವೊಡ್ಡಲಾಗಿತ್ತೇ ಎಂಬ ವಿವರಗಳಿರಬೇಕು. ಗೂಡಿನ ಚಿತ್ರವಾದರೆ ಊರನ್ನು ಜಿಲ್ಲೆಯ ಮಟ್ಟದಲ್ಲಿಯೇ ನಿಲ್ಲಿಸಬೇಕು. ಆಗ ಚೌಕಟ್ಟಿನ ಆರನೆಯ ಒಂದು ಭಾಗವನ್ನೂ ತುಂಬದ ಹಕ್ಕಿಯನ್ನು ಸಂಪಾದಕರು ಕಸದ ಬುಟ್ಟಿಗೆ ಹಾಕುವುದು ನಿಂತೀತು. ಅದರ ಸುತ್ತ ಉಳಿದ ಐದು ಭಾಗದ ಬಂಡೆಯೂ ಆಕಾಶವೂ ಓದಲು ಯೋಗ್ಯವಾದ ಪಠ್ಯವೆಂಬ ತಿಳಿವಳಿಕೆ ಅಲ್ಲಿಂದ ಆರಂಭವಾಗಬೇಕು.