ಸೈನಿಕರ ರೂಪಕ ಮತ್ತು ಅಕ್ಕನ ಬೆರಳುಗಳು

ಅಕ್ಕನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗೊತ್ತಾದ ದಿನ ಡಾಕ್ಟರು ಸರಳವಾಗಿ ವಿವರಿಸಲೆಂದು, "ನಿಮ್ಮ ದೇಹದ ಸೈನ್ಯವೇ ನಿಮ್ಮ ಮೇಲೆ ತಿರುಗಿಬಿದ್ದಿದೆ" ಎಂದರು. ಮನೆಗೆ ಬಂದು, ಊದಿಕೊಂಡ ಬೆರಳುಗಳನ್ನು ನೋಡಿಕೊಳ್ಳುತ್ತ ಅವಳು ಕೇಳಿದ್ದು ಒಂದೇ: "ನಾನೇನು ತಪ್ಪು ಮಾಡಿದೆ ಅಂತ ತಿರುಗಿಬಿತ್ತೋ?" ರೂಪಕ ಮನುಷ್ಯರ ಮೇಲೆ ಎಷ್ಟು ಭಾರ ಹೇರಬಲ್ಲದೆಂದು ಕಾವ್ಯಮೀಮಾಂಸೆ ಓದುವಾಗಲೂ ನನಗೆ ಹೊಳೆದಿರಲಿಲ್ಲ.

ಅಂದಿನಿಂದ ಕನ್ನಡದ ವಿಜ್ಞಾನ ಬರಹಗಳನ್ನು ಅವಳ ಕಿವಿಯಿಂದ ಓದುತ್ತಿದ್ದೇನೆ. ಬಿಳಿ ರಕ್ತಕಣಗಳು ಯೋಧರು, ರೋಗಾಣುಗಳು ಶತ್ರುಗಳು, ದೇಹ ಕೋಟೆ. ಶಾಲೆಯ ಪಾಠದಿಂದ ಕೊರೋನಾ ಕಾಲದ ಅಂಕಣಗಳವರೆಗೆ ಇದೇ ಹಾಡು. 'ರೋಗನಿರೋಧಕ ಶಕ್ತಿ' ಎಂಬ ನಮ್ಮ ಪದವೂ ಹಾಗೆಯೇ. ಶಕ್ತಿ ಎಂದಮೇಲೆ ಹೆಚ್ಚಿದಷ್ಟೂ ಒಳ್ಳೆಯದು ತಾನೇ? ಬಂಧುಗಳು ಅಕ್ಕನಿಗೆ 'ಇಮ್ಯೂನಿಟಿ' ಹೆಚ್ಚಿಸುವ ಕಷಾಯದ ಪುಡಿ ತಂದುಕೊಟ್ಟರು. ಅವಳು ನುಂಗುತ್ತಿದ್ದ ಮಾತ್ರೆಗಳ ಕೆಲಸ ಅದನ್ನು ತಗ್ಗಿಸುವುದು!

2025ರ ವೈದ್ಯಕೀಯ ನೊಬೆಲ್ ಪಡೆದ ಸಂಶೋಧನೆ ಈ ಯುದ್ಧಕಥೆಯನ್ನು ಅಲುಗಾಡಿಸಬೇಕಿತ್ತು. ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಟಿ-ಕೋಶಗಳು ಬಲಿಯುತ್ತವೆ; ಸ್ವಂತ ಅಂಗಾಂಶವನ್ನೇ ಬಲವಾಗಿ ಹಿಡಿಯುವಂಥವು ಬಹುಪಾಲು ಅಲ್ಲೇ ಸಾಯುತ್ತವೆ. ಈ ಜರಡಿಯೇ ಸಾಕೆಂದು ಹಲವರು ನಂಬಿದ್ದರು. ಜಪಾನಿನ ಶಿಮೊನ್ ಸಕಾಗುಚಿ ಮಾತ್ರ ಒಂದು ಹಳೆಯ ಪ್ರಯೋಗದ ಬೆನ್ನು ಬಿಡಲಿಲ್ಲ. ಹುಟ್ಟಿದ ಮೂರನೇ ದಿನಕ್ಕೆ ಥೈಮಸ್ ತೆಗೆದ ಇಲಿಮರಿಗಳಲ್ಲಿ ಪ್ರತಿರೋಧ ಕುಗ್ಗುವ ಬದಲು ಸ್ವಂತ ಅಂಗಗಳ ಮೇಲೇ ಹರಿಹಾಯುತ್ತಿತ್ತು. ಆರೋಗ್ಯವಂತ ಇಲಿಗಳ ಟಿ-ಕೋಶ ಕೊಟ್ಟರೆ ಕಾಯಿಲೆ ತಪ್ಪುತ್ತಿತ್ತು. ಅಂದರೆ ಆ ಗುಂಪಿನಲ್ಲಿ ಕೈಹಿಡಿದು ತಡೆಯುವವೂ ಇವೆ! 1995ರಲ್ಲಿ ಅವರು ಅವನ್ನು ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತವರ ಸಂಗಡಿಗರು, ಮೈಯೆಲ್ಲ ಹೊಪ್ಪಳೆಯೆದ್ದು ಕೆಲವೇ ವಾರಗಳಲ್ಲಿ ಸಾಯುವ 'ಸ್ಕರ್ಫಿ' ಗಂಡಿಲಿಗಳಲ್ಲಿ ಕೆಟ್ಟಿದ್ದ ಜೀನನ್ನು ಹುಡುಕಿದರು: ಫಾಕ್ಸ್‌ಪಿ3. ತಡೆಯುವ ಕೋಶಗಳ ಬೆಳವಣಿಗೆಯನ್ನು ಆಳುವುದು ಅದೇ ಎಂದು ಎರಡು ವರ್ಷಗಳ ಬಳಿಕ ಸ್ಪಷ್ಟವಾಯಿತು.

ಆದರೆ ನೊಬೆಲ್ ಪ್ರಕಟಣೆಯೇ ಇವನ್ನು ಭದ್ರತಾ ಕಾವಲುಗಾರರು ಎಂದು ಕರೆಯಿತು. ನಾನು ಓದಿದ ಕನ್ನಡ ವರದಿಗಳೂ ಅದನ್ನೇ ಎತ್ತಿಕೊಂಡವು. ಸೈನಿಕ ಹೋಗಿ ಪೊಲೀಸ್ ಬಂದ, ಅಷ್ಟೆ. ಈ ಕೋಶಗಳ ನಡವಳಿಕೆ ನೋಡಿ: ಅಕ್ಕಪಕ್ಕದ ಕೋಶಗಳು ಹೆಚ್ಚಲು ಬೇಕಾದ ಇಂಟರ್‌ಲ್ಯೂಕಿನ್-2 ಅನ್ನು ತಾವೇ ಹೀರಿಕೊಳ್ಳುವುದು ಇವುಗಳ ಒಂದು ಉಪಾಯ. ನನಗಿದು ಹಾಲು ಉಕ್ಕುವ ಮೊದಲು ಒಲೆಯಿಂದ ಸೌದೆ ಹಿಂದಕ್ಕೆಳೆಯುವ ಕೈಯಂತೆ ಕಾಣುತ್ತದೆ.

ಹಾಗೆಂದು 'ಸಹಿಷ್ಣುತೆ' ಎಂದು ಹಾಡಿಹೊಗಳಲೂ ಧೈರ್ಯ ಬಾರದು (ಪರಿಭಾಷೆಯ ಪದ ಅದೇ ಆದರೂ). ಕ್ಯಾನ್ಸರ್ ಗಡ್ಡೆಗಳಲ್ಲಿ ಇವೇ ಕೋಶಗಳು ಜಮಾಯಿಸಿ ಗಡ್ಡೆಗೆ ಆಸರೆಯಾಗುವುದುಂಟು. ಸೌದೆ ಎಳೆಯುವ ಕೈ ಒಲೆಯನ್ನೇ ಆರಿಸಲೂಬಹುದು.

ಅಕ್ಕನಿಗೆ ಒಲೆಯ ಮಾತು ಹೇಳಿದೆ. ಅವಳ ಕಾಯಿಲೆಯ ಪೂರ್ತಿ ಕಥೆ ಇಷ್ಟು ಸರಳವಲ್ಲ ಎಂದೂ ಹೇಳಿದೆ. "ಉರಿ ಜಾಸ್ತಿ ಆಗಿದೆ ಅನ್ನು" ಎಂದಳು. ತಪ್ಪಿನ ಮಾತು ಎತ್ತಲಿಲ್ಲ.