ಸೋರದ ಕೆಲಸವೇ ಕೆಲಸ

ರಜೆಯ ದಿನ ಬೆಳಿಗ್ಗೆ ಬೆಂಗಳೂರಿನ ಕೆಂಪಾಪುರದ ಅಪಾರ್ಟ್‌ಮೆಂಟುಗಳ ಕೆಳಗೆ, ಕಾರಿನ ಎಂಜಿನ್ ಆಯಿಲ್ ತಾವೇ ಬದಲಾಯಿಸಿಕೊಳ್ಳುವವರು ಕಾಣಸಿಗುತ್ತಾರೆ. ಅಭ್ಯಾಸವೇನೋ ಒಳ್ಳೆಯದು. ಯಾವ ಆಯಿಲ್ ಬಿತ್ತು, ಫಿಲ್ಟರ್ ನಿಜಕ್ಕೂ ಹೊಸದೇ ಎಂಬುದು ಕಣ್ಣೆದುರೇ ಇರುತ್ತದೆ. ಆದರೆ ಎಷ್ಟು ದುಡ್ಡು ಉಳಿಯಿತು, ಸಿಂಥೆಟಿಕ್ಕೋ ಮಿನರಲ್ಲೋ ಎಂಬ ಮಾತೇ ಜಾಸ್ತಿ. ಮರುದಿನ ಕಾರಿನಡಿಯ ನೆಲ ಒಣಗಿತ್ತೇ ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಈ ಕೆಲಸಕ್ಕಿರುವ ಪರೀಕ್ಷೆ ಅದೊಂದೇ.

ಆಯಿಲ್ ಬದಲಾಯಿಸಿದ ಮೇಲೆ ಸೋರುವುದು ಹೆಚ್ಚಾಗಿ ಎಂಜಿನ್ ಕೆಳಗಿನ ಆಯಿಲ್ ಚೇಂಬರಿನ ಡ್ರೇನ್ ಬೋಲ್ಟ್ ಬಳಿ. ಹಲವು ಕಾರುಗಳಲ್ಲಿ ಅಲ್ಲೊಂದು ತಾಮ್ರದ ಇಲ್ಲವೇ ಅಲ್ಯೂಮಿನಿಯಂ ವಾಷರ್ ಇರುತ್ತದೆ. ಅದು ಅಮುಕಿಕೊಂಡು ಸಂದು ಮುಚ್ಚುವ ಮೆತ್ತನೆಯ ಲೋಹ. ಒಮ್ಮೆ ಅಮುಕಿದ್ದು ಎರಡನೇ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಸಾವಿರಾರು ರೂಪಾಯಿಯ ಆಯಿಲ್ ತರುವವರು ಈ ಪುಟ್ಟ ವಾಷರ್ ವಿಷಯದಲ್ಲಿ ಜಿಪುಣರಾಗುತ್ತಾರೆ. ಹಳೆಯದನ್ನೇ ಹಾಕಿ, ತೊಟ್ಟಿಕ್ಕಿದರೆ ಪಾನಕ್ಕೆ ಪೈಪ್ ಸಿಕ್ಕಿಸಿ ಇನ್ನಷ್ಟು ಬಿಗಿಯುತ್ತಾರೆ. ಅನಾಹುತ ಆಗುವುದೇ ಇಲ್ಲಿ. ಅಲ್ಯೂಮಿನಿಯಂ ಚೇಂಬರ್ ಆದರೆ ಥ್ರೆಡ್ ಹೋಗುತ್ತದೆ, ಆಮೇಲೆ ಟೆಫ್ಲಾನ್ ಟೇಪು, ಎಂ-ಸೀಲು ಎಂಬ ತೇಪೆ ಶುರು. ಸಣ್ಣ ಕಾರುಗಳ ಡ್ರೇನ್ ಬೋಲ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಮಾದರಿಯ ಅಂಕಿಯನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ನೋಡಿ. ಬೋಲ್ಟನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಬೇಕು, ಕೊನೆಯಲ್ಲಷ್ಟೇ ಟಾರ್ಕ್ ರೆಂಚ್.

ಫಿಲ್ಟರಿನದು ಇನ್ನೂ ಅಪಾಯದ ವಿಷಯ. ಬಿಚ್ಚಿದಾಗ ಹಳೆಯ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿ ಉಳಿಯುವುದುಂಟು. ನೋಡದೆ ಅದರ ಮೇಲೇ ಹೊಸದನ್ನು ಕೂರಿಸಿದರೆ, ಸ್ಟಾರ್ಟ್ ಮಾಡಿದ ಕೂಡಲೇ ಒತ್ತಡಕ್ಕೆ ರಿಂಗ್ ಜಾರಿ ಆಯಿಲ್ ಚಿಮ್ಮುತ್ತದೆ. ಗಮನಿಸದೆ ಓಡಿಸಿದರೆ ಎಂಜಿನ್ನೇ ಹೋದೀತು. ಜಾಗವನ್ನು ಬಟ್ಟೆಯಿಂದ ಒರೆಸಿ, ಹೊಸ ರಿಂಗಿಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಸುಮಾರು ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು.

ಹೊಸ ಆಯಿಲ್ ಸುರಿದು ಮಟ್ಟ ನೋಡುವಾಗಲೂ ಎಚ್ಚರ ಬೇಕು: ಇಳಿಜಾರಿನಲ್ಲಿ ನಿಂತ ಕಾರಿನ ಡಿಪ್‌ಸ್ಟಿಕ್ ಸುಳ್ಳು ಲೆಕ್ಕ ಹೇಳುತ್ತದೆ. ಅದನ್ನು ನಂಬಿ ಜಾಸ್ತಿ ಸುರಿದರೆ ಆಯಿಲ್ ನೊರೆಯೇಳುತ್ತದೆ, ಸೀಲುಗಳ ಮೇಲೂ ಒತ್ತಡ ಬೀಳುತ್ತದೆ.

ಕೆಂಪಾಪುರದಲ್ಲಿ ಸೋರಿಕೆ ಒಬ್ಬರ ಮನೆಯ ವಿಷಯವಲ್ಲ. ಪಾರ್ಕಿಂಗ್ ಎಲ್ಲರದ್ದು, ನೆಲಕ್ಕೆ ಬಿದ್ದದ್ದು ಮಳೆಯಲ್ಲಿ ಚರಂಡಿ ಸೇರುತ್ತದೆ. ಪಕ್ಕದಲ್ಲೇ ಹೆಬ್ಬಾಳ ಕೆರೆ, ಅದರ ಕೋಡಿಯ ನೀರು ಹೋಗುವುದು ನಾಗವಾರ ಕೆರೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಕೂಡ ಅಂಥ ತ್ಯಾಜ್ಯವೇ. ಅದನ್ನು ಮೋರಿಗೆ ಸುರಿಯುವವರು ಬೋಲ್ಟನ್ನು ಎಷ್ಟೇ ನಾಜೂಕಾಗಿ ಕೂರಿಸಿದರೂ ಅವರ ಕೆಲಸವನ್ನು ನಾನು ಒಪ್ಪಲಾರೆ.

ಹೊಸ ವಾಷರ್, ಸಮತಟ್ಟಾದ ಜಾಗ, ಭದ್ರವಾದ ಜಾಕ್ ಸ್ಟ್ಯಾಂಡ್, ಮುಚ್ಚಳವಿರುವ ಕ್ಯಾನ್, ಇವಿಷ್ಟಿಲ್ಲದೆ ಕೈಹಾಕುವುದಾದರೆ ಗ್ಯಾರೇಜೇ ಮೇಲು. ಇದ್ದವರು ಖಂಡಿತ ಮಾಡಲಿ. ಮುಗಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗೆ ನೋಡಲಿ. ಅಪಾರ್ಟ್‌ಮೆಂಟ್ ಸಂಘಗಳಿಗೆ ನನ್ನದೊಂದು ಮನವಿ: ಬಳಸಿದ ಆಯಿಲ್‌ಗೆಂದು ಪಾರ್ಕಿಂಗಿನಲ್ಲಿ ಒಂದು ಕ್ಯಾನ್ ಇಡಿ, ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೇ ಕೊಡಿ.